ಸಿಪಿಆರ್ ಮಧ್ಯೆ ಕ್ಯಾಲ್ಸಿಯಂ ಹಾಕ್ಬೇಕಾ ಬೇಡ್ವಾ?

ರಾತ್ರಿಪಾಳಿ:
ತಾಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್ ನಾನು. ಹೋದ ತಿಂಗಳು ಒಬ್ಬ ಅಜ್ಜನ್ನ ಕರ್ಕೊಂಡ್ ಬಂದ್ರು, ಪಲ್ಸ್ ಇಲ್ಲ, ಸಿಪಿಆರ್ (ಎದೆ ಒತ್ತಿ ಉಸಿರು ಕೊಡೋದು) ಶುರು ಮಾಡಿದ್ವಿ, ಮೂರು ಅಡ್ರಿನಲಿನ್ ಹೋದ್ಮೇಲೆ ಡ್ಯೂಟಿ ಸರ್ "ಕ್ಯಾಲ್ಸಿಯಂ ಹಾಕಮ್ಮ ಬೇಗ" ಅಂದ್ರು, ಹಾಕ್ದೆ, ಅಜ್ಜ ಉಳೀಲಿಲ್ಲ. ಮೊನ್ನೆ ಇನ್ನೊಂದ್ ಕೇಸಲ್ಲಿ ನಾನೇ ಆಂಪೂಲ್ ಒಡೆದು ಸಿರಿಂಜ್‌ಗೆ ಎಳ್ಕೊಂಡು ನಿಂತಿದ್ರೆ ಹೊಸ ಮೇಡಂ "ಯಾರ್ ಹೇಳಿದ್ದು ನಿಮ್ಗೆ, ಇಡಿ ಅದನ್ನ" ಅಂತ ಎಲ್ಲರ ಮುಂದೆ ಗದರಿದ್ರು. ಹಾರ್ಟ್ ಬಡಿಯೋಕೆ ಕ್ಯಾಲ್ಸಿಯಂ ಬೇಕು ಅಂತ ತಾನೇ ಓದಿರೋದು? ಯಾರ್ದು ಸರಿ?

ಕ್ಯಾಶುವಾಲ್ಟಿ ಹುಡುಗ:
ಗದರಿದ್ದು ಬಿಟ್ರೆ ಮೇಡಂದೇ ಸರಿ. ನೀವು ಓದಿದ್ದೂ ಸುಳ್ಳಲ್ಲ, ಕ್ಯಾಲ್ಸಿಯಂ ಇಲ್ದಿದ್ರೆ ಕಪ್ಪೆ ಹಾರ್ಟ್ ಬಡಿಯಲ್ಲ ಅಂತ ಸಿಡ್ನಿ ರಿಂಗರ್ 1883ರಲ್ಲೇ ತೋರಿಸಿದ್ರು (ನಾವು ದಿನಾ ನೇತು ಹಾಕೋ ಆರ್‌ಎಲ್, ಅಂದ್ರೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಯ ರಿಂಗರ್ ಇವರೇ). ಆದ್ರೆ ಡೆನ್ಮಾರ್ಕ್‌ನಲ್ಲಿ ಆಸ್ಪತ್ರೆ ಹೊರಗೆ ಅರೆಸ್ಟ್ ಆದ (ಹಾರ್ಟ್ ನಿಂತುಹೋದ) 391 ಜನರಲ್ಲಿ ಕೆಲವರಿಗೆ ಕ್ಯಾಲ್ಸಿಯಂ ಕ್ಲೋರೈಡ್, ಉಳಿದೋರಿಗೆ ಬರೀ ಸಲೈನ್ ಕೊಟ್ಟು ನೋಡಿದ್ರು, 2021ರಲ್ಲಿ ರಿಸಲ್ಟ್ ಬಂತು. ಹಾರ್ಟ್ ವಾಪಸ್ ಶುರುವಾಗಿದ್ದು ಕ್ಯಾಲ್ಸಿಯಂನೋರಲ್ಲಿ 19%, ಸಲೈನ್‌ನೋರಲ್ಲಿ 27%. ವ್ಯತ್ಯಾಸ ಆಕಸ್ಮಿಕ ಇದ್ರೂ ಇರ್ಬಹುದು, ಲಾಭ ಅಂತೂ ಕಾಣ್ಲಿಲ್ಲ, ಹಾನಿ ಆಗ್ತಿರ್ಬಹುದು ಅಂತ ಟ್ರಯಲ್ಲೇ ಮಧ್ಯದಲ್ಲಿ ನಿಲ್ಲಿಸಿದ್ರು.

ಡಯಾಲಿಸಿಸ್ ಅಕ್ಕ:
ಹಾಗಂತ ಕ್ಯಾಲ್ಸಿಯಂನ ಎಮರ್ಜೆನ್ಸಿ ಟ್ರೇಯಿಂದ ತೆಗೆದ್ಬಿಡ್ಬೇಡಿ ಮಾರಾಯ್ರೇ. ನಮ್ಮ ಪೇಷಂಟ್ ಒಬ್ರು ಎರಡು ಡಯಾಲಿಸಿಸ್ ತಪ್ಪಿಸಿ ಮದುವೆಗೆ ಹೋಗಿ ಹೊಟ್ಟೆ ತುಂಬ ಎಳನೀರು ಕುಡ್ಕೊಂಡು ಬಂದ್ರು, ಪೊಟ್ಯಾಶಿಯಂ ಏರಿ ಮಾನಿಟರಲ್ಲಿ ಕ್ಯೂಆರ್‌ಎಸ್ (ಇಸಿಜಿಯ ಚೂಪು ಅಲೆ) ಅಗಲ ಆಗಿ ಹಾವು ಹರಿದ ಹಾಗೆ. ಕ್ಯಾಲ್ಸಿಯಂ ಗ್ಲುಕೋನೇಟ್ ಹೋಗ್ತಾ ಹೋಗ್ತಾ ಕಣ್ಣೆದುರೇ ಸಪೂರ ಆಯ್ತು. ಅದ್ರಿಂದ ಪೊಟ್ಯಾಶಿಯಂ ಇಳಿಯಲ್ಲ, ಹಾರ್ಟ್‌ಗೆ ಅರ್ಧ ಗಂಟೆ ಒಂದ್ ಗಂಟೆ ಕಾವಲು ಅಷ್ಟೇ, ಅಷ್ಟ್ರಲ್ಲಿ ಪೊಟ್ಯಾಶಿಯಂ ಇಳಿಸೋಕೆ ಇನ್ಸುಲಿನ್ ಡೆಕ್ಸ್‌ಟ್ರೋಸ್ ಹಾಕಿ ಡಯಾಲಿಸಿಸ್‌ಗೆ ತಗೋಬೇಕು. ಪೊಟ್ಯಾಶಿಯಂ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ವೆರಪಮಿಲ್ ಥರದ ಬಿಪಿ-ಹಾರ್ಟ್ ಮಾತ್ರೆ ಓವರ್‌ಡೋಸ್, ಹೆರಿಗೆ ವಾರ್ಡಲ್ಲಿ ಮ್ಯಾಗ್‌ಸಲ್ಫ್ (ಮೆಗ್ನೀಶಿಯಂ ಸಲ್ಫೇಟ್) ಜಾಸ್ತಿ ಆದೋರು, ಇಂಥವ್ರು ಅರೆಸ್ಟ್ ಆದ್ರೆ ಬೇಕೇ ಬೇಕು. ಇನ್ನೊಂದು, ಸೋಡಾಬೈಕಾರ್ಬ್ ಹೋದ ಲೈನಲ್ಲಿ ಫ್ಲಷ್ ಮಾಡ್ದೆ ಹಾಕ್ಬೇಡಿ, ಸುಣ್ಣದ ತಿಳಿ ಕದಡಿದ ಹಾಗೆ ಬೆಳ್ಳಗಾಗಿ ಕ್ಯಾನುಲಾ ಕಟ್ಕೊಳುತ್ತೆ. ನನಗೇ ಆಗಿದೆ.

ರಾತ್ರಿಪಾಳಿ:
ಥ್ಯಾಂಕ್ಸ್ ಅಕ್ಕ. ಆ ಅಜ್ಜಂಗೆ ಕಿಡ್ನಿ ತೊಂದ್ರೆ ಇತ್ತಾ ಅಂತ ನಾವ್ಯಾರೂ ಮನೆಯವ್ರನ್ನ ಕೇಳ್ಲೇ ಇಲ್ಲ. ಡೆನ್ಮಾರ್ಕ್‌ನೋರು ಕೊಟ್ಟಿದ್ದು ಕ್ಲೋರೈಡ್, ನಮ್ಮಲ್ಲಿರೋದು ಗ್ಲುಕೋನೇಟ್, ಎರಡೂ ಒಂದೇನಾ?

ಕ್ಯಾಶುವಾಲ್ಟಿ ಹುಡುಗ:
ಅಲ್ಲ. 10% ಕ್ಲೋರೈಡ್ 10 ಎಂಎಲ್‌ನಲ್ಲಿ ಅಸಲಿ ಕ್ಯಾಲ್ಸಿಯಂ 272 ಮಿಲಿಗ್ರಾಂ, ಗ್ಲುಕೋನೇಟ್‌ನಲ್ಲಿ 93 ಅಷ್ಟೇ, ಅಂದ್ರೆ ಅದರ ಒಂದಕ್ಕೆ ಇದು ಮೂರು ಆಂಪೂಲ್ ಬೇಕು. ಕ್ಲೋರೈಡ್ ನರದಿಂದ ಹೊರಗೆ ಲೀಕ್ ಆದ್ರೆ ಚರ್ಮನೇ ಸುಟ್ಟೋಗುತ್ತೆ, ಅದಕ್ಕೇ ಕೈ ಲೈನಲ್ಲಿ ಹಾಕೋಕೆ ಎಲ್ರೂ ಹೆದರ್ತಾರೆ.