ಅಪ್‌ಡೇಟ್: ಮೂರನೇ ಬಣ್ಣ ಬಿಟ್ಟೆ, 3–1 ಬಂತು

ಹೋದ ವಾರ ಕೇಳಿದ್ದೆನಲ್ಲ, ಮ್ಯಾಜಿಕ್ ಕಾರ್ಡ್ ಆಟದ ಫೌಂಡೇಶನ್ಸ್ ಸೆಟ್‌ನ ಸೀಲ್ಡ್‌ನಲ್ಲಿ (ಆರು ಪ್ಯಾಕ್ ಒಡೆದು, ಬಂದ ಕಾರ್ಡುಗಳಲ್ಲೇ ಡೆಕ್ ಕಟ್ಟೋದು) ಬಿಳಿ-ಕಪ್ಪು ಡೆಕ್‌ಗೆ ಶಿವನ್ ಡ್ರ್ಯಾಗನ್ ಅನ್ನೋ ಕೆಂಪು ಕಾರ್ಡು ಸೇರಿಸಲು ಮೂರನೇ ಬಣ್ಣವಾಗಿ ಕೆಂಪನ್ನೂ ತುರುಕಬಹುದಾ ಅಂತ. ಎಲ್ಲರೂ ಬೇಡ ಅಂದ್ರಿ. ಅಭ್ಯಾಸಕ್ಕೆ ಒಡೆದಿದ್ದ ಆ ಆರು ಪ್ಯಾಕ್‌ಗಳ ಕಾರ್ಡುಗಳನ್ನೇ ಇಟ್ಟುಕೊಂಡು ಗೆಳೆಯರ ಜೊತೆ ನಾಲ್ಕು ಸುತ್ತು ಆಡಿದೆವು.

ಡ್ರ್ಯಾಗನ್‌ಗೆ ಎರಡು ಕೆಂಪು ಮಾನಾ (ಕಾರ್ಡು ಇಳಿಸಲು ಖರ್ಚು ಮಾಡೋ ಶಕ್ತಿ) ಬೇಕು, ಅದನ್ನು ಕೊಡೋ ಲ್ಯಾಂಡ್ ಕಾರ್ಡು ಅಂತ ಬರೀ ಮೂರು ಮೌಂಟನ್ ನಂಬಿ ಕೂತರೆ ಅದು ಕೈಯಲ್ಲೇ ಕೊಳೆಯುತ್ತೆ ಅಂದ ಪುಣ್ಯಾತ್ಮರಿಗೆ ನಮಸ್ಕಾರ. ಬಿಳಿ ಮಾನಾಗೆ ಒಂಬತ್ತು ಪ್ಲೇನ್ಸ್, ಕಪ್ಪಿಗೆ ಎಂಟು ಸ್ವಾಂಪ್, ಉಳಿದ 23 ಕಾರ್ಡು; ಒಟ್ಟು 40. ಒಂದೂ ಹೆಚ್ಚಿಲ್ಲ.

ಸೋತದ್ದು ಎರಡನೇ ಸುತ್ತು, ಪೂರ್ತಿ ನನ್ನದೇ ತಪ್ಪು. ಎರಡೇ ಲ್ಯಾಂಡ್ ಇದ್ದ ಏಳು ಕಾರ್ಡನ್ನು 'ಬರುತ್ತೆ ಬಿಡು' ಅಂತ ಇಟ್ಟುಕೊಂಡೆ. ಬರಲಿಲ್ಲ. ಸೆರ್ರಾ ಏಂಜೆಲ್ ಅನ್ನೋ ಹಾರುವ ಜೀವಿಯನ್ನ ಕೈಯಲ್ಲಿ ಹಿಡಿದು, ಇಳಿಸಲು ಲ್ಯಾಂಡ್ ಇಲ್ಲದೆ ಮಿಕಮಿಕ ನೋಡ್ತಾ ಸತ್ತೆ.

ಮಜಾ ಇದ್ದದ್ದು ಕೊನೇ ಸುತ್ತಿನಲ್ಲಿ. ಎದುರಾಳಿ ಇಳಿಸಿದ್ದು ಅದೇ ಶಿವನ್ ಡ್ರ್ಯಾಗನ್! 5/5 (ಕೊಡೋ ಏಟು ಐದು, ತಾಳೋದು ಐದು), ಹಾರುತ್ತೆ, ಕೆಂಪು ಮಾನಾ ಸುರಿದಷ್ಟೂ ಏಟು ಜಾಸ್ತಿ. ನನ್ನ ಹತ್ರ ಮೂರು ಮಾನಾದ ವ್ಯಾಂಪೈರ್ ನೈಟ್‌ಹಾಕ್, 2/3, ಅದೂ ಹಾರುತ್ತೆ. ಪುಟಾಣಿ ಅಂತ ಅವನು ಲೆಕ್ಕಕ್ಕೇ ಇಡಲಿಲ್ಲ, ನುಗ್ಗಿದ. ನಾನು ಬ್ಲಾಕ್ ಅಂದೆ. ಅವನು ಮೂರು ಮಾನಾ ಸುರಿದು ಡ್ರ್ಯಾಗನ್‌ನ ಏಟನ್ನ ಎಂಟು ಮಾಡಿದ. ನಾನು ಕಾರ್ಡು ತಿರುಗಿಸಿ 'ಡೆತ್‌ಟಚ್' ಅನ್ನೋ ಪದದ ಮೇಲೆ ಬೆರಳಿಟ್ಟೆ: ಇದರ ಏಟು ಎಷ್ಟೇ ಸಣ್ಣದಿರಲಿ, ತಿಂದ ಜೀವಿ ಸಾಯುತ್ತೆ. ಎರಡೂ ಸತ್ತವು, ನನಗೆ ಅದರ ಲೈಫ್‌ಲಿಂಕ್‌ನಿಂದ (ಕೊಟ್ಟ ಏಟಿನಷ್ಟೇ ಲೈಫ್ ಸಿಗುತ್ತೆ) ಎರಡು ಲೈಫ್ ಬೇರೆ.

ಮುಂದಿನ ಟರ್ನ್ ಏಂಜೆಲ್ ಬಂತು. ಅದನ್ನ ತಡೆಯೋಕೆ ಅವನ ಹತ್ರ ಹಾರೋದು ಇನ್ನೊಂದಿರಲಿಲ್ಲ.