ಹೆದ್ದಾರಿ 49ರಲ್ಲಿ ದೊಡ್ಡಪ್ಪನವರೊಂದಿಗೆ ಮೂರು ದಿನ

ಅಕ್ಕಾ, ದೊಡ್ಡಪ್ಪ, ದೊಡ್ಡಮ್ಮ, ಎಲ್ಲರಿಗೂ ನಮಸ್ಕಾರ. ಸ್ಯಾನ್ ಹೊಸೆಯಿಂದ ಹೊರಟು ಗೋಲ್ಡ್ ರಶ್, ಅಂದರೆ ಚಿನ್ನ ಅರಸಿ ಜನ ಕ್ಯಾಲಿಫೋರ್ನಿಯಾಕ್ಕೆ ಮುಗಿಬಿದ್ದ ಕಾಲದ ಊರುಗಳನ್ನು ಮೂರು ದಿನಗಳಲ್ಲಿ ನೋಡಬಹುದೇ, ಮಂಡಿನೋವಿರುವ ದೊಡ್ಡಪ್ಪನವರಿಗೆ ಅದು ಆದೀತೇ ಎಂದು ಅಕ್ಕ ನಿನ್ನೆ ನಮ್ಮ ಮನೆಯವರ ಈ ಗುಂಪಿನಲ್ಲಿ ಕೇಳಿದ್ದರು. ಸ್ಯಾಕ್ರಮೆಂಟೊದಲ್ಲಿರುವ ನಾನು ಆ ದಾರಿಯಲ್ಲಿ ನಾಲ್ಕೈದು ಸಲ ಓಡಾಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಬಿಡುವಾದಾಗ ಕೇಳಿ.

ಖಂಡಿತ ಹೋಗಿ. ಆದರೆ ಓಕ್‌ಹರ್ಸ್ಟ್‌ನಿಂದ ವಿಂಟನ್‌ವರೆಗೆ ಆ ಊರುಗಳನ್ನು ಹಾದು ಸುಮಾರು 300 ಮೈಲಿ ಸಾಗುವ ಹೆದ್ದಾರಿ 49ನ್ನು ಪೂರ್ತಿ ಮುಗಿಸಬೇಕೆಂಬ ಹಟ ಬೇಡ. ಕೋಲಾರದ ಚಿನ್ನದ ಗಣಿಯಲ್ಲಿ, ನಮ್ಮ ಕೆಜಿಎಫ್‌ನಲ್ಲಿ, ಇಪ್ಪತ್ತೆಂಟು ವರ್ಷ ದುಡಿದವರೊಬ್ಬರು ನಿಮ್ಮ ಕಾರಿನಲ್ಲಿಯೇ ಇರುವಾಗ ಅಂಗಡಿ ಬೀದಿಗಳಿಗೆ ಕಡಿಮೆ ಹೊತ್ತು ಕೊಟ್ಟು ಗಣಿಗಳಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ.

ಶುಕ್ರವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಸೊನೋರಾ ದಾಟಿ ಕೊಲಂಬಿಯಾ ಸೇರಬಹುದು. ಮೆಕ್ಸಿಕೋದ ಸೊನೋರಾ ಪ್ರಾಂತ್ಯದಿಂದ ಬಂದ ಗಣಿಗಾರರಿಂದಲೇ ಆ ಊರಿಗೆ ಆ ಹೆಸರು ಬಂದದ್ದು. ಆದರೆ 1850ರಲ್ಲಿ ಪರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿದಾಗ ಅವರಲ್ಲಿ ಬಹಳ ಮಂದಿ ಊರನ್ನೇ ಬಿಟ್ಟು ಹೋಗಬೇಕಾಯಿತು. ಕೊಲಂಬಿಯಾದ ಮುಖ್ಯ ಬೀದಿಯಲ್ಲಿ ಕಾರುಗಳಿಗೆ ಪ್ರವೇಶವಿಲ್ಲ. ಬೆಂಕಿಗೆ ಆಹುತಿಯಾದ ಮರದ ಮನೆಗಳ ಜಾಗದಲ್ಲಿ ಎದ್ದ ಇಟ್ಟಿಗೆಯ ಕಟ್ಟಡಗಳನ್ನು 1945ರಿಂದ ರಾಜ್ಯ ಸರ್ಕಾರವೇ ಕಾಪಾಡುತ್ತಿದೆ. ಮಕ್ಕಳು ತಟ್ಟೆಯಲ್ಲಿ ಮರಳು ತೊಳೆದು ಚಿನ್ನ ಹುಡುಕುವುದನ್ನು ಅಲ್ಲಿಯೇ ಮುಗಿಸಿಬಿಡಲಿ. ಏಂಜಲ್ಸ್ ಕ್ಯಾಂಪ್‌ನಲ್ಲಿ ಒಂದು ಕಾಫಿಗೆ ನಿಂತರೆ ಸಾಕು. ರಾತ್ರಿಗೆ ಸಟರ್ ಕ್ರೀಕ್‌ನಲ್ಲಿ ಉಳಿದುಕೊಳ್ಳಿ.

ಶನಿವಾರ ಬೆಳಿಗ್ಗೆ ದೊಡ್ಡಮ್ಮನವರಿಗಾಗಿ ಜ್ಯಾಕ್ಸನ್ ಹತ್ತಿರದ ಇಂಡಿಯನ್ ಗ್ರೈಂಡಿಂಗ್ ರಾಕ್ ಉದ್ಯಾನಕ್ಕೆ ಹೋಗಿ. ಅಲ್ಲಿ ನೆಲಮಟ್ಟದಲ್ಲಿ ಹರಡಿರುವ ಒಂದೇ ಬಂಡೆಯಲ್ಲಿ 1,185 ಒರಳುಗುಳಿಗಳಿವೆ. ಮೀವಾಕ್ ಜನರ ಹೆಂಗಸರು ತಲೆಮಾರುಗಳ ಕಾಲ ಓಕ್ ಮರದ ಕಾಯಿಗಳನ್ನು ಅಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಚಿನ್ನ ಅರಸಿ ಬಂದವರು ಖಾಲಿ ನೆಲಕ್ಕೆ ಬಂದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಈ ಮೂಲನಿವಾಸಿಗಳು ರೋಗ, ಹಸಿವು ಮತ್ತು ಕೊಲೆಗಳಿಂದ ನಾಶದ ಅಂಚಿಗೆ ಬಂದರು. ಉಳಿದ ಊರುಗಳನ್ನು ನೋಡುವ ಮೊದಲು ಈ ಬಂಡೆಯನ್ನು ನೋಡಿದರೆ ಒಳ್ಳೆಯದು.

ಜ್ಯಾಕ್ಸನ್‌ನಲ್ಲಿ ಕೆನಡಿ ಗಣಿ ಇದೆ. ಅದರ ಆಳ 5,912 ಅಡಿ. 1942ರಲ್ಲಿ, ಯುದ್ಧದ ಸಮಯದಲ್ಲಿ ಅದು ಮುಚ್ಚಿತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದವರನ್ನು ಕಂಡಿರುವ ದೊಡ್ಡಪ್ಪನವರಿಗೆ ಆ ಆಳ ದೊಡ್ಡದೆನಿಸಲಾರದು, ಆದರೆ ಹತ್ತಿರದ ಚಕ್ರಗಳನ್ನು ಅವರು ನೋಡಲೇಬೇಕು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಹುಡಿಯನ್ನು ಹೊಳೆಗೆ ಬಿಡಬಾರದೆಂಬ ಕಾನೂನು ಬಂದಿದ್ದುದರಿಂದ, ಸುಮಾರು 58 ಅಡಿ ಎತ್ತರದ ನಾಲ್ಕು ಮರದ ಚಕ್ರಗಳನ್ನು ನಿಲ್ಲಿಸಿ, ಹುಡಿ ಬೆರೆತ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಿ, ಗುಡ್ಡದಾಚೆಯ ಒಡ್ಡಿನೊಳಗೆ ಸಾಗಿಸುತ್ತಿದ್ದರು. ಕೆಜಿಎಫ್‌ನಲ್ಲಿ ಅಂಥದೇ ಹುಡಿ ರಾಶಿಬಿದ್ದ ನಮ್ಮ ಸೈನೈಡ್ ದಿಬ್ಬಗಳ ಧೂಳು ಬೇಸಿಗೆಯ ಗಾಳಿಗೆ ಮನೆಯೊಳಗೆಲ್ಲ ಬರುತ್ತಿದ್ದುದನ್ನು ದೊಡ್ಡಮ್ಮ ಇಂದಿಗೂ ಹೇಳುತ್ತಾರಲ್ಲವೇ? ಆ ಚಕ್ರಗಳ ಕೆಳಗೆ ನಿಂತಾಗ ನನಗೆ ನೆನಪಾದದ್ದು ಅದೇ ಮಾತು.

ಪಕ್ಕದ ಅರ್ಗನಾಟ್ ಗಣಿಯಲ್ಲಿ 1922ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು 47 ಮಂದಿ ಒಳಗೆ ಸಿಕ್ಕಿಕೊಂಡರು. ಅವರನ್ನು ತಲುಪಲು ಕೆನಡಿ ಗಣಿಯ ಕಡೆಯಿಂದ ಬಂಡೆ ಕೊರೆಯುತ್ತ ಮೂರು ವಾರ ಶ್ರಮಿಸಿದರೂ ಒಬ್ಬರೂ ಉಳಿಯಲಿಲ್ಲ. ಕೆಜಿಎಫ್‌ನಲ್ಲಿ ರಾಕ್ ಬರ್ಸ್ಟ್ ಆಗಿ ಆಳದ ಬಂಡೆ ಸಿಡಿದಾಗ, ಗಣಿಗೆ ಇಳಿಯುವ ಬಾವಿಯಾದ ಶಾಫ್ಟ್ ಬಳಿ ಕಾದು ನಿಂತ ಮನೆಗಳಲ್ಲಿ ನಮ್ಮದೂ ಒಂದು; ಆದ್ದರಿಂದ ಅಲ್ಲಿ ದೊಡ್ಡಪ್ಪನವರು ಸುಮ್ಮನೆ ನಿಂತರೆ ಅವಸರ ಮಾಡಬೇಡಿ.

ಮಧ್ಯಾಹ್ನ ಪ್ಲೇಸರ್‌ವಿಲ್ ದಾಟಿ ಕೊಲೋಮಾಗೆ ಬನ್ನಿ. ಜಮೀನ್ದಾರ ಜಾನ್ ಸಟರ್‌ಗಾಗಿ ಮರ ಕೊಯ್ಯುವ ಗಿರಣಿ ಕಟ್ಟುತ್ತಿದ್ದ ಜೇಮ್ಸ್ ಮಾರ್ಷಲ್‌ಗೆ 1848ರ ಜನವರಿ 24ರಂದು ಗಿರಣಿಯ ಕಾಲುವೆಯಲ್ಲಿ ಚಿನ್ನದ ಚೂರುಗಳು ಕಂಡದ್ದು ಇಲ್ಲಿಯೇ. ಅದಾದ ಒಂಬತ್ತೇ ದಿನಕ್ಕೆ ಮೆಕ್ಸಿಕೋ ಒಪ್ಪಂದಕ್ಕೆ ಸಹಿ ಹಾಕಿ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು, ಸಹಿ ಹಾಕಿದವರಿಗೆ ಈ ಚಿನ್ನದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮಾರ್ಷಲ್ 1885ರಲ್ಲಿ ಬಡತನದಲ್ಲಿ ತೀರಿಕೊಂಡರು. ಐದು ವರ್ಷದ ನಂತರ ಗುಡ್ಡದ ಮೇಲೆ ಅವರ ಪ್ರತಿಮೆ ನಿಂತಿತು. ಗುಡ್ಡ ಹತ್ತುವುದು ಬೇಡ, ಹೊಳೆಯ ದಂಡೆಯ ದಾರಿ ಸಮತಟ್ಟಾಗಿದೆ.

ಭಾನುವಾರದ ಇಡೀ ಬೆಳಗನ್ನು ಗ್ರಾಸ್ ವ್ಯಾಲಿಯ ಎಂಪೈರ್ ಗಣಿಗೆ ಮೀಸಲಿಡಿ. 1850ರಿಂದ 1956ರವರೆಗೆ ನಡೆದ ಈ ಗಣಿಯಲ್ಲಿ 367 ಮೈಲಿ ಸುರಂಗಗಳಿವೆ, ಅಲ್ಲಿ ಸಿಕ್ಕ ಚಿನ್ನ ಸುಮಾರು 58 ಲಕ್ಷ ಔನ್ಸ್. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ ಮತ್ತು ತಾಮ್ರದ ಗಣಿಗಳು ಸೊರಗಿದಾಗ ಅಲ್ಲಿನ ಗಣಿಗಾರರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಕೆಜಿಎಫ್ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪನಿಯವರು ಕೋಲಾರಕ್ಕೆ ಕರೆತಂದದ್ದೂ ಅದೇ ಕಾರ್ನ್‌ವಾಲ್‌ನ ಕುಶಲಿಗಳನ್ನು. ದೊಡ್ಡಪ್ಪನವರು ಚಿಕ್ಕಂದಿನಲ್ಲಿ ಬಾಯಿಪಾಠದಂತೆ ಕಲಿತ ಎಷ್ಟೋ ಗಣಿ ಮಾತುಗಳು ಗ್ರಾಸ್ ವ್ಯಾಲಿಯ ಫಲಕಗಳ ಮೇಲೆ ಬರೆದಿರುವುದನ್ನು ಕಂಡು ನಾನು ನಿಜಕ್ಕೂ ಬೆರಗಾದೆ. ಗಣಿಗಾರರು ಬುತ್ತಿಗೆ ಒಯ್ಯುತ್ತಿದ್ದ ಪ್ಯಾಸ್ಟಿ ಎಂಬ, ಹಿಟ್ಟಿನ ಹಾಳೆ ಮಡಿಸಿ ಬೇಯಿಸಿದ ತಿಂಡಿಯನ್ನು ಆ ಊರಿನಲ್ಲಿ ಈಗಲೂ ಮಾಡುತ್ತಾರೆ. ಒಳಗೆ ಮಾಂಸವಿರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಶಾಫ್ಟಿನ ಬಾಯಿಯಲ್ಲಿ ಕೆಲವು ಮೆಟ್ಟಿಲು ಇಳಿದು ಕತ್ತಲೆಯನ್ನು ನೋಡಬಹುದು, ಮಂಡಿಗೆ ಅಷ್ಟು ಸಾಕು.

ಹೊತ್ತಿದ್ದರೆ ಮಾತ್ರ ಮಲಕಾಫ್ ಡಿಗ್ಗಿನ್ಸ್. ದೊಡ್ಡ ಕೊಳವೆಗಳಿಂದ ನೀರು ಚಿಮ್ಮಿಸಿ ಬೆಟ್ಟವನ್ನೇ ಕರಗಿಸಿದ ಜಾಗ ಅದು. ಕೊಚ್ಚಿಹೋದ ಮಣ್ಣು ಯೂಬಾ ನದಿಯ ಪಾತ್ರವನ್ನು ತುಂಬಿ ಕೆಳಗಿನ ರೈತರ ಹೊಲಗಳನ್ನು ಹೂತುಹಾಕಿದಾಗ ಅವರು ನ್ಯಾಯಾಲಯಕ್ಕೆ ಹೋದರು, 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ರೈತರ ಪರವಾಗಿ ತೀರ್ಪು ಕೊಟ್ಟರು. ನದಿಯನ್ನು ಕೆಡಿಸುವ ಹಕ್ಕು ಗಣಿಗೆ ಇಲ್ಲವೆಂದು ಅಷ್ಟು ಹಿಂದೆಯೇ ಹೇಳಿದ ಆ ತೀರ್ಪಿನ ಮೇಲೆ ನನಗೆ ಅಪಾರ ಗೌರವವಿದೆ. ದಾರಿ ತಿರುವುಗಳದ್ದು, ದೊಡ್ಡಪ್ಪನವರು ದಣಿದಿದ್ದರೆ ಬಿಟ್ಟುಬಿಡಿ.

ಕೆನಡಿ ಗಣಿ ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ತಾರೀಖು ಗೊತ್ತಾದ ಕೂಡಲೇ ತಿಳಿಸಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಮಕ್ಕಳೊಂದಿಗೆ ನೇರವಾಗಿ ಎಂಪೈರ್ ಗಣಿಯ ಬಾಗಿಲಿಗೆ ಬರುತ್ತೇನೆ. ಊಟದ ಬುತ್ತಿ ನಮ್ಮ ಮನೆಯಿಂದಲೇ.