ಕಾಂಡಕೊರಕದ ಹುಳು ಮೈಕ್ರೋ ಸಿಟಿ ಸ್ಕ್ಯಾನ್‌ನಲ್ಲಿ ಬರೀ ಮಬ್ಬು: ತಪ್ಪಿದ್ದೆಲ್ಲಿ?

ಕೀಟಪೆಟ್ಟಿಗೆ, ಪೊನ್ನಂಪೇಟೆ
ನಮ್ಮ ಅರೇಬಿಕಾ ಗಿಡ ಸೀಳಿದಾಗ ಬಿಳಿ ಕಾಂಡಕೊರಕದ ಮರಿಹುಳು ಸಿಕ್ಕಿತು. ಕೊಯ್ಯದೆ ಒಳಗನ್ನು ನೋಡುವ ಆಸೆಯಿಂದ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಒಯ್ದು ಮೈಕ್ರೋ ಸಿಟಿ (ಸುತ್ತಲಿಂದ ಎಕ್ಸ್-ರೇ ಚಿತ್ರ ತೆಗೆದು ಒಳಗಿನ ರೂಪ ಕಟ್ಟುವ ಸ್ಕ್ಯಾನ್) ಮಾಡಿಸಿದೆ. ಮೊದಲ ಸಲ ದವಡೆ ಮಾತ್ರ ಕಂಡಿತು. ಉಳಿದ ಮೈಯೆಲ್ಲ ಜುಲೈ ತಿಂಗಳ ಮಡಿಕೇರಿ. ಎರಡನೇ ಸಲ ಬಣ್ಣ ಹಿಡಿಯಲೆಂದು ಲುಗೋಲ್ ಎಂಬ ನೀರಿನ ಅಯೋಡಿನ್ ದ್ರಾವಣದಲ್ಲಿ ಎರಡು ದಿನ ಮುಳುಗಿಸಿಟ್ಟೆ. ಈಗ ಚರ್ಮದ ಅಂಚು ಬೆಳ್ಳಗೆ ಹೊಳೆಯುತ್ತದೆ, ಒಳಗೆ ಅದೇ ಮಬ್ಬು. ಹುಳು ಒಣದ್ರಾಕ್ಷಿಯಂತೆ ಸುಕ್ಕಾಗಿದೆ. ಸಾಲದ್ದಕ್ಕೆ ಪ್ರತಿ ಗೆರೆಯೂ ಎರಡೆರಡಾಗಿ ಕಾಣುತ್ತಿದೆ. ಇಂದೋರಿನ ಸಿಂಕ್ರೋಟ್ರಾನ್‌ಗೇ (ಬಲು ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಹೋಗಬೇಕೇ?

ಕತ್ತಲೆಕೋಣೆ, ಮೈಸೂರು
ಇಂದೋರಿನ ಮಾತು ಆಮೇಲೆ. ವೋಲ್ಟೇಜ್ ಎಷ್ಟಿತ್ತು? ಹುಳುವನ್ನು ಯಾವುದರಲ್ಲಿ ಇಟ್ಟಿದ್ದಿರಿ?

ಕೀಟಪೆಟ್ಟಿಗೆ
120 ಕಿಲೋವೋಲ್ಟ್, ತಾಮ್ರದ ಫಿಲ್ಟರ್. ನನಗಿಂತ ಮೊದಲು ಯಾರದೋ ಕಲ್ಲಿನ ಚೂರು ನೋಡುತ್ತಿದ್ದರು; ಎರಡೂ ಸಲ ಅದೇ ಸೆಟ್ಟಿಂಗ್‌ನಲ್ಲಿ ಮುಗಿಸಿಬಿಟ್ಟರು. ಜೀವಂತ ಹುಳುವನ್ನು ನೇರವಾಗಿ 70% ಆಲ್ಕೋಹಾಲಿಗೆ ಹಾಕಿದ್ದೆ, ಅಲ್ಲಿಂದ ನೇರ ಲುಗೋಲ್‌ಗೆ.

ಕತ್ತಲೆಕೋಣೆ
ಕಲ್ಲಿಗೆ ಸರಿ, ಹುಳುವಿಗಲ್ಲ. ಮೃದು ಅಂಗಾಂಶದ ಬಹುಪಾಲು ಹೈಡ್ರೋಜನ್, ಕಾರ್ಬನ್, ಸಾರಜನಕ, ಆಮ್ಲಜನಕ. ಯಾವುದರ ಪರಮಾಣು ಸಂಖ್ಯೆಯೂ 8 ದಾಟುವುದಿಲ್ಲ. ಅಷ್ಟು ತೀಕ್ಷ್ಣ ಕಿರಣಕ್ಕೆ ಕೊಬ್ಬು, ನರ, ಸ್ನಾಯು ಎಲ್ಲವೂ ಒಂದೇ. ಅಯೋಡಿನ್ ಹಾಕುವುದು ಇದಕ್ಕಾಗಿಯೇ: ಅದರ ಸಂಖ್ಯೆ 53, ಕಿರಣದ ಶಕ್ತಿ 33.2 ಕಿಲೋ ಎಲೆಕ್ಟ್ರಾನ್‌ವೋಲ್ಟ್ ದಾಟುತ್ತಲೇ ಅದರ ಹೀರಿಕೆ ಒಮ್ಮೆಲೇ ಜಿಗಿಯುತ್ತದೆ. ಕಿರಣದ ಹೆಚ್ಚಿನ ಪಾಲು ಆ ಜಿಗಿತದ ಆಸುಪಾಸಿನಲ್ಲಿರಲು 60–70 ಕಿಲೋವೋಲ್ಟ್, ತೆಳು ಅಲ್ಯೂಮಿನಿಯಂ ಫಿಲ್ಟರ್ ಕೇಳಿ.

ಸುಕ್ಕಿಗೆ ಲುಗೋಲ್ ಕಾರಣ. ಅದು ಆಮ್ಲೀಯವಾಗುತ್ತ ಅಂಗಾಂಶವನ್ನು ಕುಗ್ಗಿಸುತ್ತದೆ. ಆಲ್ಕೋಹಾಲಿನಲ್ಲಿದ್ದ ಹುಳುವಿಗೆ ಆಲ್ಕೋಹಾಲಿನ ಅಯೋಡಿನ್ನೇ ಒಳ್ಳೆಯದು: 100 ಮಿಲಿಲೀಟರ್ ಶುದ್ಧ ಎಥನಾಲ್‌ಗೆ 1 ಗ್ರಾಂ ಅಯೋಡಿನ್. ಹುಳುವನ್ನು 70ರಿಂದ 80, 90, 100ಕ್ಕೆ ಮೆಟ್ಟಿಲು ಹತ್ತಿಸಿ. ಗಾಜಿನ ಸೀಸೆಯನ್ನೇ ಬಳಸಿ, ಅಯೋಡಿನ್ ಪ್ಲಾಸ್ಟಿಕ್‌ಗೂ ಇಳಿಯುತ್ತದೆ. ನನ್ನ ಮನೆಯ ಅಡುಗೆಕಟ್ಟೆಯ ಕಂದು ಕಲೆಗೆ ಇನ್ನೂ ಬೈಗುಳ ಕೇಳುತ್ತಿದ್ದೇನೆ.

ಬೋರರ್‌ಬೇಟೆ, ಸೋಮವಾರಪೇಟೆ
ಕತ್ತಲೆಕೋಣೆಯವರು ಹೇಳಿದ್ದೆಲ್ಲ ಸರಿ, ಆದರೆ ಮುಖ್ಯವಾದುದನ್ನೇ ಬಿಟ್ಟರು. ಅಯೋಡಿನ್ ಬಣ್ಣ ಒಳಗೆ ಹೋಗುವುದೆಲ್ಲಿಂದ? ಹುಳುವಿನ ಹೊರಚರ್ಮ ಮಳೆಗೆ ಹಾಕಿದ ಟಾರ್ಪಾಲಿನಂತೆ. ಮೊದಲು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕೊಂದು ಆಮೇಲೆ ಆಲ್ಕೋಹಾಲಿಗೆ ಹಾಕಿ, ಇಲ್ಲವಾದರೆ ಕರುಳು ಒಳಗೇ ಕೊಳೆಯುತ್ತದೆ. ಬಣ್ಣಕ್ಕೆ ಹಾಕುವ ಮುನ್ನ ಕೀಟಸೂಜಿಯಿಂದ ಪಕ್ಕೆಯಲ್ಲಿ ಎರಡು ಮೂರು ಕಡೆ ಚುಚ್ಚಿ. ನಟ್ಟನಡುವೆ ಚುಚ್ಚಬೇಡಿ, ಹೊಟ್ಟೆಯ ಅಡಿಯಲ್ಲಿ ನರದ ಸರ ಹಾದುಹೋಗುತ್ತದೆ.

ಎರಡೆರಡು ಗೆರೆ? ಹುಳು ಕೊಳವೆಯೊಳಗೆ ಜಾರಿದೆ ಅನ್ನಿಸುತ್ತದೆ. ಸ್ಕ್ಯಾನ್ ಶುರುವಿನಲ್ಲಿ ಸೊನ್ನೆ ಡಿಗ್ರಿಯಲ್ಲಿ ಒಂದು ಚಿತ್ರ, ಮುಗಿದ ಮೇಲೆ ಅದೇ ಕೋನದಲ್ಲಿ ಇನ್ನೊಂದು ತೆಗೆಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಏನೂ ಉಳಿಯಬಾರದು.

ಕತ್ತಲೆಕೋಣೆ
ಒಪ್ಪಿದೆ, ಚುಚ್ಚುವುದು ನನಗೆ ಹೊಳೆಯಲಿಲ್ಲ. ನಾನು ನೋಡುವುದು ಚರ್ಮ ಸುಲಿದ ಮಾದರಿಗಳನ್ನು. ಇಂದೋರಿನ ಸಿಂಕ್ರೋಟ್ರಾನ್ ಇಂಡಸ್-2ರಲ್ಲಿ ಫೇಸ್ ಕಾಂಟ್ರಾಸ್ಟ್ ಮಾಡಬಹುದು. ಅಂಗಾಂಶ ಕಿರಣವನ್ನು ಹೀರುವುದಕ್ಕಿಂತ ಅದರ ಅಲೆಯನ್ನು ಹಿಂದುಮುಂದಾಗಿಸುವುದು ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಬಣ್ಣವಿಲ್ಲದೆಯೂ ಅಂಚು ಮೂಡುತ್ತದೆ. ಆದರೆ ಜಾರುವ ಹುಳು ಅಲ್ಲೂ ಜಾರುತ್ತದೆ.

ಕೀಟಪೆಟ್ಟಿಗೆ
ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಹುಳು, ಬಿಸಿನೀರು, ಮೂರು ಚುಚ್ಚು, ಒಂದು ರಾತ್ರಿ ಅಯೋಡಿನ್, ಎಥನಾಲ್‌ನಲ್ಲಿ ಮೂರು ಸಲ ತೊಳೆದದ್ದು. ಹತ್ತಿ ಒತ್ತಿದ ಪಿಪೆಟ್ ತುದಿಯಲ್ಲಿ ಹುಳುವನ್ನು ಬಿಗಿಯಾಗಿ ಕೂರಿಸಿ, ಎಥನಾಲ್ ತುಂಬಿ, ಬಾಯಿ ಮುಚ್ಚಿ, ಒಂದು ಗಂಟೆ ಹಾಗೆಯೇ ಬಿಟ್ಟು ಸ್ಕ್ಯಾನ್ ಮಾಡಿಸಿದೆ. 65 ಕಿಲೋವೋಲ್ಟ್. ಮೊದಲ, ಕೊನೆಯ ಚಿತ್ರಗಳನ್ನು ಒಂದರಿಂದೊಂದು ಕಳೆದರೆ ಖಾಲಿ! ಸ್ನಾಯುಗಳು ಎಳೆ ಎಳೆಯಾಗಿ ಬಂದಿವೆ, ನರದ ಗಂಟುಗಳು ಮಣಿ ಪೋಣಿಸಿದಂತಿವೆ. ಕರುಳಿನೊಳಗೆ ಮಾತ್ರ ಏನೋ ಹರಳು ಹರಳಾಗಿ ತುಂಬಿದೆ, ಬಣ್ಣವೂ ಹಿಡಿದಿಲ್ಲ. ಏನಿರಬಹುದು?

ಬೋರರ್‌ಬೇಟೆ
ಅದು ನಿಮ್ಮ ಕಾಫಿ ಗಿಡ.